ಮೈಕ್‌ಸೆಟ್ ಬಾಲರಾಜುವಿನ ಅಭಿಪ್ರಾಯ

ತಿಪಟೂರಿನಲ್ಲಿ ಯಾರೇ ಸತ್ತರೂ ಮೊದಲು ಫೋನು ಹೋಗುವುದು ಹೂವಿನವರಿಗೆ, ಆಮೇಲೆ ಮೈಕ್‌ಸೆಟ್ ಬಾಲರಾಜುವಿಗೆ. ಹೆಣವನ್ನು ಜಗಲಿಗೆ ತಂದು ಕೂರಿಸುವಷ್ಟರಲ್ಲಿ ಅವನ ಲಗೇಜ್ ಆಟೋ ಬಂದು ನಿಂತಿರುತ್ತಿತ್ತು. ಬಾಕ್ಸ್ ಇಳಿಸಿ, ವೈರು ಎಳೆದು, ಇಂಥ ಮನೆಗೆ ಇಂಥ ತತ್ವಪದ, ಇಂಥ ವಯಸ್ಸಿಗೆ ಇಂಥ ಹಾಡು ಎಂದು ಯಾರನ್ನೂ ಕೇಳದೆ ಹಾಕುತ್ತಿದ್ದ. ಕೊಬ್ಬರಿ ಮಂಡಿಯ ಸಾಹುಕಾರರಿಂದ ಹಿಡಿದು ಕಾಯಿ ಸುಲಿಯುವವರ ತನಕ ಎಲ್ಲರೂ ಒಂದಲ್ಲ ಒಂದು ದಿನ ಅವನ ಬಾಕ್ಸಿನ ಮುಂದೆ ಅತ್ತವರೇ. ಇಂಥವನು ತನ್ನ ಹೆಂಡತಿ ಸುವರ್ಣಮ್ಮ ಸತ್ತ ದಿನ ಮನೆ ಮುಂದೆ ಮೈಕ್ ಕಟ್ಟಿದ, ಕಟ್ಟಿದ್ದನ್ನು ಬಿಚ್ಚಿದ, ಹಾಡು ಹಾಕಲಿಲ್ಲ. ಹೆಂಡತಿಯನ್ನು ಉಳಿಸಿಕೊಳ್ಳಲಾಗದ್ದನ್ನು ಬೀದಿಯವರು ಕ್ಷಮಿಸಿದರು. ಹಾಡು ಹಾಕದ್ದನ್ನು ಕ್ಷಮಿಸಲಿಲ್ಲ.

ಕಾರಣವನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಅದು ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಸಣ್ಣದು. ಮೈಕ್ ಕಟ್ಟುವುದು ಒಬ್ಬರ ಕೆಲಸವಲ್ಲ. ಒಬ್ಬರು ಮೈಕ್ ಹಿಡಿದು ಹಲೋ ಅನ್ನಬೇಕು, ಇನ್ನೊಬ್ಬರು ದೂರದ ತುದಿಯಲ್ಲಿ ನಿಂತು ಕೇಳಿಸುತ್ತದೋ ಇಲ್ಲವೋ ಹೇಳಬೇಕು. ಮದುವೆಯಾದಾಗಿನಿಂದ ಆ ದೂರದ ತುದಿ ಸುವರ್ಣಮ್ಮನದು. ಮದುವೆ ಮನೆಯಿರಲಿ, ಸಾವಿನ ಮನೆಯಿರಲಿ, ಅವಳು ಸೆರಗು ಸಿಕ್ಕಿಸಿಕೊಂಡು ಬೀದಿಯ ಕೊನೆಗೆ ಹೋಗಿ ನಿಲ್ಲುತ್ತಿದ್ದಳು. ಅವನು ಇಲ್ಲಿಂದ ಹಲೋ ಅಂದರೆ ಅಲ್ಲಿಂದ ಕೈಯೆತ್ತಿ, “ಕೇಳ್ತೈತೆ, ಬುಡಿ” ಅನ್ನುತ್ತಿದ್ದಳು. ಆಮೇಲೆ ಹಾಡು. ಅವಳು ಸತ್ತ ದಿನವೂ ಅವನು ಅಭ್ಯಾಸದಂತೆ ಹಲೋ ಅಂದು ಬೀದಿ ಕೊನೆಯ ತೆಂಗಿನಮರದ ಕಡೆ ನೋಡಿ ಕಾದ. ಮರ ಏನೂ ಹೇಳಲಿಲ್ಲ. ವೈರು ಸುತ್ತಿಟ್ಟ.

ಈಗ ವರ್ಷದ ಎಡೆ ಹತ್ತಿರ ಬಂದಿತ್ತು. ಸುವರ್ಣಮ್ಮನ ತಾಯಿ ಹುಚ್ಚಕ್ಕ ಮಗಳು ಹೋದ ಮೇಲೂ ಅಳಿಯನ ಮನೆಯಲ್ಲೇ ಇದ್ದಳು. ಆ ಮನೆಯಲ್ಲಿ ಉಳಿದಿದ್ದವರು ಅವರಿಬ್ಬರೇ. ಅವಳು ಒಂದು ದಿನ ಮುದ್ದೆ ಕಟ್ಟಿ ತಟ್ಟೆಗೆ ಹಾಕಿ, ಕೈ ತೊಳೆದು, ತೀರ್ಪು ಕೊಟ್ಟಳು.

“ಎಡೆ ದಿನ ನನ್ ಮಗಳಿಗೆ ಹಾಡು ಹಾಕ್ಬೇಕು. ಹಾಕ್ಲಿಲ್ಲ ಅಂದ್ರೆ ನಾನು ನೊಣವಿನಕೆರೆಗೆ ಹೊಂಟೋಯ್ತೀನಿ. ಆಮೇಲೆ ನಿನ್ ಹೊಸ್ತಿಲು ತುಳಿಯಲ್ಲ.”

ಪಕ್ಕದ ಮನೆಯ ರಾಜಣ್ಣ ಅಲ್ಲೇ ಕೂತಿದ್ದ. ಅವನು ಬೀದಿಯ ಭಜನೆ ಮಂಡಳಿಯ ಅಧ್ಯಕ್ಷ, ಹಾರ್ಮೋನಿಯಂ ಬಾರಿಸುವವನು, ಎಲ್ಲ ಮನೆಯ ಮಾತಿಗೂ ಹಾಜರಿರುವವನು. ಹುಚ್ಚಕ್ಕನಿಗೆ ಕಿವಿ ಹೋಗಿ ಎಷ್ಟೋ ಕಾಲವಾಗಿತ್ತು. ಹಾಡು ಬರುತ್ತಿದೆಯೋ ಇಲ್ಲವೋ ಎಂಬುದನ್ನು ಅವಳು ಜನರ ಮುಖ ನೋಡಿ ತಿಳಿಯುತ್ತಿದ್ದಳು: ಜನ ಮಾತಾಡುತ್ತಿದ್ದರೆ ಹಾಡಿಲ್ಲ, ಬಾಯಿ ಮುಚ್ಚಿ ತಲೆ ತಗ್ಗಿಸಿದ್ದರೆ ಹಾಡು ಬರುತ್ತಿದೆ. ಹಾಗಾಗಿ ರಾಜಣ್ಣ ಅವಳ ಕಿವಿಯ ಹತ್ತಿರ ಬಾಯಿಟ್ಟು, ನಿಂಗೆ ಕೇಳೋದೇ ಇಲ್ವಲ್ಲವ್ವ, ಹಾಡು ಯಾಕೆ ಎಂದು ಕೂಗಿದ.

“ನಂಗಲ್ಲ ಕಣ್ಲಾ, ಅವಳಿಗೆ,” ಎಂದಳು ಹುಚ್ಚಕ್ಕ. “ಅವಳಿಗೆ ಕೇಳ್ತೈತೆ.”

ರಾಜಣ್ಣ ಬಾಲರಾಜುವಿನ ಕಡೆ ತಿರುಗಿದ.

ಬಾಲರಾಜು ಹೂಂ ಅಂದ. ಆದರೆ ಯಾವ ಹಾಡು? ಅಂಗಡಿಯಲ್ಲಿ ಕೂತು ಇದ್ದಬದ್ದ ಪದಗಳನ್ನೆಲ್ಲ ಹಾಕಿ ನೋಡಿದ. ಎಲ್ಲವೂ ಬೇರೆಯವರ ಮನೆಯ ಸಾವಿನ ಹಾಡುಗಳು. ಒಂದು ಕೇಳಿದರೆ ಮಂಡಿ ಸಾಹುಕಾರರ ತಾಯಿ ನೆನಪಾಗುತ್ತಿದ್ದಳು, ಇನ್ನೊಂದಕ್ಕೆ ಅರಳಗುಪ್ಪೆಯ ಶಾನುಭೋಗರು. ಸುವರ್ಣಮ್ಮ ಯಾವುದರಲ್ಲೂ ಬರಲಿಲ್ಲ.

ಇಷ್ಟೇ ಆಗಿದ್ದರೆ ಇದು ಒಂದು ಮನೆಯ ಸಂಕಟವಾಗಿ ಮುಗಿಯುತ್ತಿತ್ತು. ಇದರೊಳಕ್ಕೆ ಆಧುನಿಕ ಕ್ರೈಸ್ತ ಸಂಗೀತದ ಗುಣಮಟ್ಟದ ಪ್ರಶ್ನೆ ಬಂದು ಸೇರಿಕೊಂಡದ್ದು ಭಾನುವಾರಗಳ ದೆಸೆಯಿಂದ.

ರೈಲು ಹಳಿಯ ಪಕ್ಕದ ಒಂದು ಸಣ್ಣ ಚರ್ಚಿಗೆ ಭಾನುವಾರದ ಮೈಕ್ ಬಾಲರಾಜುವಿನದೇ. ಆ ಸಭೆಯಲ್ಲಿ ಹಾಡಿನ ವಿಷಯಕ್ಕೆ ಎರಡು ಪಕ್ಷಗಳಿದ್ದವು. ಹಳೆಯ ಪಕ್ಷಕ್ಕೆ ದೇವದಾನಪ್ಪನವರು ಹಿರಿಯರು. ಗೂಡ್ಸ್ ರೈಲಿನ ಗಾರ್ಡ್ ಆಗಿ ನಿವೃತ್ತರಾದವರು. ಅವರಿಗೆ ಹಾಡೆಂದರೆ ತಾತನ ಕಾಲದ ಕೀರ್ತನೆ ಪುಸ್ತಕದ ಹಾಡು. ಅದಕ್ಕೆ ಮೈಕ್ ಕೂಡ ಇರಕೂಡದು. ದೇವರಿಗೆ ಕಿವುಡೇನೂ ಇಲ್ಲ ಎಂಬುದು ಅವರ ವಾದ. ಹೊಸ ಪಕ್ಷದ ಮುಂದಾಳು ದಯಾನಂದ್. ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡು, ಗಿಟಾರ್ ಕಲಿತು, ತಾನೇ ಹಾಡು ಕಟ್ಟಿ ಹಾಡುತ್ತಿದ್ದ. ಅವನ ಹಿಂದೆ ಕೀಬೋರ್ಡಿನ ಯೋಗಿತಾ ಮತ್ತು ಡ್ರಮ್ ಬಡಿಯುವ ಒಬ್ಬ ದಪ್ಪ ಹುಡುಗ.

ದೇವದಾನಪ್ಪನವರ ದೂರು ಹೀಗಿತ್ತು: ಈ ಹೊಸ ಹಾಡುಗಳಲ್ಲಿ ದೇವರ ಹೆಸರು ಅಪರೂಪಕ್ಕೊಮ್ಮೆ ಬರುತ್ತದೆ, ನಾನು, ನನಗೆ, ನನ್ನ ಎಂಬುದು ಸಾಲುಸಾಲಿಗೂ ಬರುತ್ತದೆ; ಒಂದೇ ಸಾಲನ್ನು ಬಾವಿಯಲ್ಲಿ ಬಿದ್ದವರು ಕೂಗಿಕೊಳ್ಳುವ ಹಾಗೆ ಮತ್ತೆ ಮತ್ತೆ ಕೂಗುತ್ತಾರೆ; ಕಣ್ಣು ಮುಚ್ಚಿಕೊಂಡು ಕೇಳಿದರೆ ಸಿನಿಮಾದ್ದೋ ಸಭೆಯದೋ ಗೊತ್ತಾಗುವುದಿಲ್ಲ. ದಯಾನಂದನ ದೂರು ಇನ್ನೊಂದು ಥರದ್ದು: ಹಳೆಯ ಹಾಡುಗಳ ಕನ್ನಡ ಈಗ ಯಾರಿಗೂ ಅರ್ಥವಾಗುವುದಿಲ್ಲ; ಯಾರದೋ ದೇಶದ ರಾಗಕ್ಕೆ ನಮ್ಮ ಮಾತನ್ನು ಗೋಣಿಚೀಲಕ್ಕೆ ತೆಂಗಿನ ಮಟ್ಟೆ ತುಂಬಿದಂತೆ ತುರುಕಿದ್ದಾರೆ; ಹಿರಿಯರು ಹಾಡಲು ಶುರುಮಾಡಿದರೆ ಅರಸೀಕೆರೆ ಗೂಡ್ಸ್ ಗಾಡಿ ಪೂರ್ತಿ ದಾಟಿ ಹೋದರೂ ಎರಡನೆಯ ಚರಣ ಮುಗಿದಿರುವುದಿಲ್ಲ. ಪಾಸ್ಟರಿಗೆ ಇಬ್ಬರೂ ಬೇಕು. ಎರಡೂ ಒಳ್ಳೆಯ ಹಾಡುಗಳೇ, ಊಟದ ಹೊತ್ತಿಗೆ ಮುಗಿದರೆ ಇನ್ನೂ ಒಳ್ಳೆಯವು ಎಂದು ಅವರು ಹೇಳುತ್ತಿದ್ದರು.

ಈ ಹದಿನೆಂಟು ಅಕ್ಷೌಹಿಣಿ ಸೈನ್ಯದ ನಡುವೆ ಬಾಲರಾಜು ಏನು ಮಾಡುತ್ತಿದ್ದ ಎಂದರೆ, ತನ್ನ ಕೆಲಸ. ಹಳೆಯ ಹಾಡಿಗೆ ಮೈಕ್ ಇಲ್ಲವಾದ್ದರಿಂದ ಕೊನೆಯ ಬೆಂಚಿನಲ್ಲಿ ಕೈಕಟ್ಟಿ ಕೂತಿರುತ್ತಿದ್ದ. ದಯಾನಂದನ ಹಾಡು ಶುರುವಾದ ಕೂಡಲೇ ಎದ್ದು ಹೊರಗೆ ಹೋಗುತ್ತಿದ್ದ. ಗೇಟಿನ ಹತ್ತಿರದ ಹೊಂಗೆಮರದ ಕೆಳಗೆ ನಿಂತು, ತಲೆ ಒಂದು ಕಡೆ ವಾಲಿಸಿ, ಬಾಕ್ಸ್ ಗೊರಗೊರ ಅಂದಾಗ ತಲೆಯಾಡಿಸಿ, ಒಳಗೆ ಬಂದು ಒಂದು ತಿರುಪು ಕಡಿಮೆ ಮಾಡಿ, ಮತ್ತೆ ಹೊರಗೆ ಹೋಗುತ್ತಿದ್ದ. ದೂರದ ತುದಿಯಲ್ಲಿ ನಿಲ್ಲಲು ಈಗ ಬೇರೆ ಯಾರೂ ಇರಲಿಲ್ಲ. ಅವಳು ನಿಲ್ಲುತ್ತಿದ್ದ ಜಾಗದಲ್ಲಿ ತಾನೇ ಹೋಗಿ ನಿಲ್ಲಬೇಕಿತ್ತು. ನಿಂತಾಗ ಅವನ ಮುಖ ಹೇಗಿರುತ್ತಿತ್ತು ಎಂಬುದು ಅವನಿಗೆ ಗೊತ್ತಿರಲಿಲ್ಲ. ತೆರೆದ ಬಾಗಿಲಿನಿಂದ ಇಡೀ ಸಭೆಗೆ ಕಾಣುತ್ತಿತ್ತು.

ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ದೇವದಾನಪ್ಪನವರು ಎದ್ದು ಬಾಲರಾಜುವಿನ ಕಡೆ ಕೈ ತೋರಿಸಿದರು. ಈ ಮನುಷ್ಯ ನಮ್ಮವನಲ್ಲ, ನಮ್ಮ ಪುಸ್ತಕ ಓದಿದವನಲ್ಲ, ಅವನಿಗೆ ಪಕ್ಷಪಾತವಿಲ್ಲ. ಊರೂರು ತಿರುಗಿ ಇಡೀ ಜನ್ಮ ಹಾಡು ಕೇಳಿದವನು. ಅವನು ಹಳೆಯ ಹಾಡಿಗೆ ಕೈಕಟ್ಟಿ ಕೂರುತ್ತಾನೆ, ಹೊಸ ಹಾಡಿಗೆ ಸಹಿಸಲಾರದೆ ಎದ್ದು ಹೋಗುತ್ತಾನೆ. ಇದಕ್ಕಿಂತ ಸಾಕ್ಷಿ ಬೇಕೇ ಎಂದರು. ಸಭೆಯೆಲ್ಲ ತಿರುಗಿ ನೋಡಿತು. ಬಾಲರಾಜು ವೈರು ಸುತ್ತುತ್ತಿದ್ದ.

“ನಂಗೆ ಅದೆಲ್ಲ ತಿಳಿಯಲ್ಲ ಸಾರ್. ನಾನು ಮೈಕ್‌ನೋನು,” ಎಂದ.

“ನೋಡಿದ್ರಾ,” ಎಂದರು ದೇವದಾನಪ್ಪನವರು. “ತಿಳಿದೋರ ಲಕ್ಷಣ ಇದು.”

ಅಂದು ಅವನನ್ನು ಒಳಗಿನ ಕೋಣೆಯಲ್ಲಿ ಕೂರಿಸಿ ಟೀ, ಕೇಕು ಕೊಟ್ಟರು. ಒಂದು ವರ್ಷದಿಂದ ಅವನನ್ನು ನಾಲ್ಕು ಜನ ಕೂರಿಸಿಕೊಂಡು ಮಾತಾಡಿಸಿದ್ದು ಅದೇ ಮೊದಲು. ಊರಿನಲ್ಲಿ ಎಲ್ಲರೂ ಆಡುತ್ತಿದ್ದದ್ದು ಒಂದೇ ಮಾತು, ಹೆಂಡತಿಗೆ ಹಾಡು ಹಾಕದವನು ಎಂದು. ಇಲ್ಲಿ ಅದನ್ನು ಯಾರೂ ಎತ್ತಲಿಲ್ಲ. ಏನು ಕೊರತೆ ಹೇಳಿ ಎಂದು ದಯಾನಂದನೇ ಪುಸ್ತಕ ಪೆನ್ನು ಹಿಡಿದು ಮುಂದೆ ಕೂತಿದ್ದ. ಕೇಕು ತಿಂದ ಋಣಕ್ಕೆ ಏನಾದರೂ ಹೇಳಬೇಕಲ್ಲ ಎಂದು ಬಾಲರಾಜು, ಡ್ರಮ್ ಒಂಚೂರು ಜಾಸ್ತಿಯಾಯಿತೇನೋ ಎಂದ. ಮನುಷ್ಯ ಕೆಡುವುದು ಇಂಥ ಕಡೆಯೇ.

ಮುಂದಿನ ವಾರ ಡ್ರಮ್ ಇರಲಿಲ್ಲ. ದಪ್ಪ ಹುಡುಗ ಗೋಡೆಗೆ ಒರಗಿ ಕೂತು ಬಾಲರಾಜುವನ್ನೇ ದುರುಗುಟ್ಟಿ ನೋಡುತ್ತಿದ್ದ. ಹಾಡು ಶುರುವಾಯಿತು, ಬಾಲರಾಜು ಎದ್ದು ಹೊಂಗೆಮರಕ್ಕೆ ಹೋದ. ಮತ್ತೆ ಟೀ, ಮತ್ತೆ ಕೇಕು. ಒಂದೇ ಸಾಲು ಜಾಸ್ತಿ ಸಲ ಬರುತ್ತದೇನೋ ಎಂದ. ಅದರ ಮುಂದಿನ ವಾರ ಒಂದು ಸಾಲು ಒಂದೇ ಸಲ. ಬಾಲರಾಜು ಎದ್ದು ಹೋದ. ಹೀಗೆ ವಾರ ವಾರ ಹಾಡನ್ನು ಕೆತ್ತುತ್ತಾ ಹೋಗಿ, ಕೊನೆಗೆ ಅದು ಪಾಸ್ಟರ ಪ್ರಕಟಣೆಗಿಂತ ಚಿಕ್ಕದಾಯಿತು. ಅವನು ಹೊಂಗೆಮರ ತಲುಪುವ ಮೊದಲೇ ಮುಗಿಯಿತು. ಹಳೆಯ ಪಕ್ಷದವರು ಸಂತೋಷ ತಡೆಯಲಾರದೆ ಅವನಿಗೊಂದು ಶಾಲು ಹೊದಿಸಿ ಫೋಟೋ ತೆಗೆದರು. ಯೋಗಿತಾ ಅದನ್ನು ಸ್ಟೇಟಸ್‌ಗೆ ಹಾಕಿದಳು. ಫೋಟೋದಲ್ಲಿ ಬಾಲರಾಜುವಿನ ತಲೆಯ ಹಿಂದೆ ಸರಿಯಾಗಿ ಶಿಲುಬೆ ಬಂದಿತ್ತು.

ಮಾರನೆಯ ಬೆಳಗ್ಗೆ ತುರುವೇಕೆರೆಯ ಮೊದಲ ಬಸ್ಸಿಗೇ ಅವನ ಅಕ್ಕ ಲಕ್ಷ್ಮಿದೇವಮ್ಮ ಬಂದಿಳಿದಳು. ದೇವರ ಗೂಡು ನೋಡಿದಳು, ದೀಪದ ಎಣ್ಣೆ ಮುಟ್ಟಿ ನೋಡಿದಳು, ಸುವರ್ಣಮ್ಮನ ಫೋಟೋದ ಕುಂಕುಮ ಹೊಸದೋ ಹಳೆಯದೋ ಎಂದು ಉಗುರಿನಿಂದ ಕೆರೆದಳು. ಎಲ್ಲ ಸರಿಯಾಗಿದ್ದದ್ದು ಅವಳಿಗೆ ಇನ್ನಷ್ಟು ಅನುಮಾನ ತಂದಿತು.

“ಎಡೆ ಇಡ್ತೀಯೋ, ಇಲ್ಲ ಅದನ್ನೂ ಬುಟ್ಟಿದ್ದೀಯೋ, ಒಂದು ಮಾತು ಹೇಳ್ಬುಡು,” ಎಂದಳು.

ಎಡೆಯೂ ಇಡುತ್ತೇನೆ, ಹಾಡೂ ಹಾಕುತ್ತೇನೆ, ನಾನು ಎಲ್ಲಿಗೂ ಸೇರಿಲ್ಲ, ಅವರು ಅಭಿಪ್ರಾಯ ಕೇಳಿದರು ಅಷ್ಟೇ ಎಂದು ಬಾಲರಾಜು ಹೇಳಿದ. ನಿನ್ನ ಅಭಿಪ್ರಾಯ ಯಾರಾದರೂ ಯಾಕೆ ಕೇಳುತ್ತಾರೆ ಎಂದು ಅವಳು, ಅವನನ್ನು ಅವನು ಹುಟ್ಟಿದಾಗಿನಿಂದ ಬಲ್ಲವಳಾಗಿ, ಕೇಳಿದಳು. ಎಡೆ ಮುಗಿಯುವ ತನಕ ಕಾವಲಿರುವುದಾಗಿ ಹೇಳಿ ಅವಳು ಅಲ್ಲೇ ಉಳಿದಳು.

ಆಮೇಲೆ ಬಂದವನು ಹೆಡ್ ಕಾನ್‌ಸ್ಟೇಬಲ್ ಗಂಗಾಧರ. ಮೈಕ್ ಪರ್ಮಿಷನ್ ವಿಷಯಕ್ಕೆ ಹಳೆಯ ಪರಿಚಯ. ನೀನು ಚರ್ಚಿಗೆ ಸೇರಿದೆ ಅಂತ ಯಾರೋ ಹೇಳಿದರು, ಸುಮ್ಮನೆ ವಿಚಾರಿಸೋಣ ಅಂತ ಬಂದೆ ಎಂದು ಅಂಗಡಿಯಲ್ಲಿ ಕೂತ. ವಿಚಾರಣೆ ಟೀ ಬರುವಷ್ಟರಲ್ಲಿ ಮುಗಿಯಿತು. ಆಮೇಲೆ ಅವನು ಬಾಗಿಲು ಒಂಚೂರು ಮುಂದೂಡಿ, ತಾನೂ ಹಿಂದೆ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದುದಾಗಿ, ಒಂದು ಹಾಡು ಕೇಳಿ ನಿಜವಾದ ಅಭಿಪ್ರಾಯ ಹೇಳಬೇಕಾಗಿ ಕೇಳಿಕೊಂಡ. ಬಾಲರಾಜು ಮೈಕ್ ಕೊಟ್ಟ. ಗಂಗಾಧರ ಕಣ್ಣು ಮುಚ್ಚಿ ಶುರುಮಾಡಿದ. ಕಣ್ಣು ಬಿಟ್ಟಾಗ ಬಾಲರಾಜು ರಸ್ತೆಯ ಆ ಬದಿಯಲ್ಲಿ ತಲೆ ವಾಲಿಸಿ ನಿಂತಿದ್ದ. ಗಂಗಾಧರ ಟೋಪಿ ಹಾಕಿಕೊಂಡು ಹೊರಟುಹೋದ.

ಇಷ್ಟಾದ ಮೇಲೆ ರಾಜಣ್ಣನ ಕೋಪ ಹೊರಬಿತ್ತು. ಬಾಲರಾಜು ಸೇರಿದನೋ ಬಿಟ್ಟನೋ ಅದು ಅವನ ಚಿಂತೆಯಾಗಿರಲಿಲ್ಲ. ಪಕ್ಕದ ಮನೆಯಲ್ಲಿ ಭಜನೆ ಮಂಡಳಿ ಇರುವಾಗ, ಒಂದು ದಿನವೂ ಬಾಯಿ ಬಿಟ್ಟು ಒಂದು ಮಾತು ಹೇಳದವನು, ಹಳಿ ದಾಟಿ ಹೋಗಿ ಅವರಿಗೆ ಅಭಿಪ್ರಾಯ ಹಂಚುತ್ತಾನಲ್ಲ ಎಂಬುದು ಅವನ ಸಂಕಟ. “ನಮ್ ಹಾಡೇನು ಎದ್ದೋಗಕ್ಕೂ ಲಾಯಕ್ಕಿಲ್ವೇನ್ಲಾ,” ಎಂದು ಕೇಳಿದ. ಎಡೆಯ ದಿನ ಮಂಡಳಿಯೇ ಬಂದು ಹಾಡುತ್ತದೆ, ಅದು ತನ್ನ ಹಾಡಿನ ಮರ್ಯಾದೆಯ ಪ್ರಶ್ನೆ ಎಂದು ಅವನೇ ನಿಶ್ಚಯಿಸಿದ.

ಹುಚ್ಚಕ್ಕ ಇದನ್ನೆಲ್ಲ ಮುಖಗಳಲ್ಲಿ ನೋಡುತ್ತಿದ್ದಳು. ಅಳಿಯ ತಟ್ಟೆಯ ಮುಂದೆ ಕೂತಾಗ, ಯಾರ ಕಡೆಗಾದರೂ ಸೇರಿಕೋ, ನನ್ನ ಮಗಳ ಹಾಡು ಮರೆಯಬೇಡ ಎಂದಳು. ಅವಳ ಸೀರೆಯ ಗಂಟು ಆಗಲೇ ಕಟ್ಟಿ ಬಾಗಿಲ ಹಿಂದೆ ಇಟ್ಟಿತ್ತು.

ಎಡೆಗೆ ಎರಡು ದಿನ ಇರುವಾಗ ದಯಾನಂದ್ ಒಬ್ಬನೇ ಅಂಗಡಿಗೆ ಬಂದ. ಗಿಟಾರ್ ಇರಲಿಲ್ಲ. ಶಾಲು ಹೊದಿಸಿದ ದಿನದಿಂದ ಸಭೆಯಲ್ಲಿ ಅವನ ಹಾಡು ನಿಂತಿತ್ತು. ಸ್ಟೂಲಿನ ಮೇಲೆ ಕೂತು, ನೆಲ ನೋಡಿಕೊಂಡು ಕೇಳಿದ.

“ಅಣ್ಣ, ನಿಜ ಹೇಳಿ. ನನ್ ಹಾಡು ಅಷ್ಟು ಕೆಟ್ಟದಾ?”

ಬಾಲರಾಜುವಿಗೆ ತಿಂದ ಕೇಕು ನೆನಪಾಯಿತು. ಈ ಹುಡುಗನ ಡ್ರಮ್ಮು, ಸಾಲು, ಚರಣ ಎಲ್ಲವನ್ನೂ ಒಂದೊಂದಾಗಿ ತಿಂದು ಮುಗಿಸಿದ್ದು ತಾನೇ. ಈ ಸಲ ಅವನು ನಿಜವನ್ನೇ ಹೇಳಿದ.

“ನಿಂದಂತ ಅಲ್ಲ ಕಣಪ್ಪ. ನಂಗೆ ಯಾವ ಹಾಡೂ ಹಿಡಿಸ್ತಿಲ್ಲ. ಒಂದು ವರ್ಷ ಆಯ್ತು.”

ಕ್ರೈಸ್ತ ಸಂಗೀತದ ಬಗ್ಗೆ ಯಾರೂ ಇಷ್ಟು ಕಠಿಣವಾಗಿ ಮಾತಾಡಿದ್ದನ್ನು ದಯಾನಂದ್ ಕೇಳಿರಲಿಲ್ಲ. ಒಂದು ವರ್ಷವೆಂದರೆ ತಾನು ಹಾಡಲು ಶುರುಮಾಡಿದಾಗಿನಿಂದ. ಅವನು ಎದ್ದು ನಿಂತು, ಎಡೆಯ ದಿನ ಹೊಸದೊಂದು ಹಾಡು ಕಟ್ಟಿ ತರುತ್ತೇನೆ, ಸುವರ್ಣಮ್ಮನ ಫೋಟೋದ ಮುಂದೆ ಹಾಡುತ್ತೇನೆ, ಅದೂ ಹಿಡಿಸದಿದ್ದರೆ ಗಿಟಾರ್ ಮಾರಿಬಿಡುತ್ತೇನೆ ಎಂದು ಹೇಳಿ ಹೋದ. ಬೇಡ ಎನ್ನಲು ಬಾಲರಾಜು ಬಾಯಿ ತೆರೆಯುವಷ್ಟರಲ್ಲಿ ಅವನು ರಸ್ತೆ ದಾಟಿದ್ದ.

ಎಡೆಯ ದಿನ ಬೆಳಗ್ಗೆ ಫೋಟೋಗೆ ಹಾರ ಹಾಕಿ, ಬಾಳೆಲೆಯ ಮೇಲೆ ಸುವರ್ಣಮ್ಮನಿಗೆ ಇಷ್ಟವಾದ ಕಾಯಿಹಾಲು, ಒತ್ತುಶ್ಯಾವಿಗೆ, ವಡೆ ಎಲ್ಲ ಬಡಿಸಿ ಆಯಿತು. ಬಾಲರಾಜು ಬಾಕ್ಸ್ ಇಳಿಸಿ ಬಾಗಿಲ ಎರಡೂ ಕಡೆ ಇಟ್ಟ. ರಾಜಣ್ಣನ ಮಂಡಳಿ ಹಾರ್ಮೋನಿಯಂ ಸಮೇತ ಚಾಪೆ ಹಿಡಿಯಿತು. ದಯಾನಂದ್ ಗಿಟಾರ್ ಹಿಡಿದು ಯೋಗಿತಾಳ ಜೊತೆ ಬಂದ. ಹೊಸ ಹಾಡು ಹಾಡುತ್ತಾರೆಂಬ ಸುದ್ದಿ ತಿಳಿದು, ಅದನ್ನು ತಡೆಯಲು ದೇವದಾನಪ್ಪನವರು ಕಂಕುಳಲ್ಲಿ ಕೀರ್ತನೆ ಪುಸ್ತಕ ಇಟ್ಟುಕೊಂಡು ಬಂದರು. ಗಲಾಟೆ ಆಗಬಹುದೆಂದು ಗಂಗಾಧರ ಬಂದ. ಆಗಲೂಬಹುದು ಎಂದು ಬೀದಿಯವರೂ ಬಂದರು.

ಮೊದಲು ಯಾರ ಹಾಡು ಎಂಬುದಕ್ಕೆ ಮಾತು ಬೆಳೆಯಿತು. ಸತ್ತವಳು ನಮ್ಮ ಬೀದಿಯವಳು, ತತ್ವಪದವೇ ಮೊದಲು ಎಂದ ರಾಜಣ್ಣ. ಹಾಡು ಯಾವುದೇ ಇರಲಿ, ಹಳೆಯದಾಗಿರಲಿ, ಹೊಸ ಹಾಡಿನ ಬಗ್ಗೆ ಬಾಲರಾಜುವಿನ ಅಭಿಪ್ರಾಯ ಎಲ್ಲರಿಗೂ ಗೊತ್ತಿದೆ ಎಂದರು ದೇವದಾನಪ್ಪನವರು. ಅವರ ಅಭಿಪ್ರಾಯ ಅವರೇ ಹೇಳಲಿ ಎಂದ ದಯಾನಂದ್. ಈ ಮನೆಯಲ್ಲಿ ಗಿಟಾರ್ ಬಾರಿಸಿದರೆ ತಾನು ಎಡೆಯನ್ನೇ ಎತ್ತಿಡುತ್ತೇನೆ ಎಂದಳು ಲಕ್ಷ್ಮಿದೇವಮ್ಮ. ಗಂಗಾಧರ ಎಲ್ಲರಿಗೂ ಶಾಂತಿಯಿಂದ ಇರಿ ಎಂದು ಎಲ್ಲರಿಗಿಂತ ಜೋರಾಗಿ ಹೇಳಿದ. ಹುಚ್ಚಕ್ಕ ಒಂದೊಂದೇ ಬಾಯಿಯನ್ನು ನೋಡಿದಳು. ಎಲ್ಲವೂ ಆಡುತ್ತಿದ್ದವು. ಹಾಡು ಇನ್ನೂ ಬಂದಿಲ್ಲ ಎಂದು ಅವಳಿಗೆ ತಿಳಿಯಿತು. ಅವಳು ಬಾಗಿಲ ಹಿಂದಿನ ಗಂಟಿನ ಕಡೆ ಒಮ್ಮೆ ನೋಡಿದಳು.

ಬಾಲರಾಜು ಇದ್ಯಾವುದನ್ನೂ ಕೇಳುತ್ತಿರಲಿಲ್ಲ. ಮೈಕ್ ಕೈಯಲ್ಲಿ ಹಿಡಿದು, ಬೀದಿ ಕೊನೆಯ ತೆಂಗಿನಮರದ ಕಡೆ ನೋಡುತ್ತಾ ನಿಂತುಬಿಟ್ಟಿದ್ದ. ಹೋದ ವರ್ಷವೂ ಹೀಗೇ ನಿಂತಿದ್ದ. ಇದೇ ಮೈಕ್, ಇದೇ ಜಾಗ.

ಹುಚ್ಚಕ್ಕ ಅವನ ಮುಖ ನೋಡಿದಳು. ಅವನು ನೋಡುತ್ತಿದ್ದ ಕಡೆ ನೋಡಿದಳು. ಗಂಟನ್ನು ಬಿಟ್ಟು ಕೋಲು ತೆಗೆದುಕೊಂಡಳು. ಜನರ ನಡುವೆ ದಾರಿ ಮಾಡಿಕೊಂಡು ಬೀದಿಗಿಳಿದು, ಮೆಲ್ಲಗೆ ನಡೆದು, ಮರದ ಹತ್ತಿರ ಹೋಗಿ, ಅಳಿಯನ ಕಡೆ ತಿರುಗಿ ನಿಂತಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

ಅದೇ ಹೊತ್ತಿಗೆ ಕರೆಂಟ್ ಹೋಯಿತು. ಆಂಪ್ಲಿಫೈಯರಿನ ಕೆಂಪು ದೀಪ ಆರಿತು. ಬಾಲರಾಜು ಅದನ್ನು ನೋಡಿದ. ಬ್ಯಾಟರಿ ಅಂಗಡಿಯಲ್ಲಿತ್ತು. ಅತ್ತೆ ಅಲ್ಲಿ ಕಾಯುತ್ತಾ ನಿಂತಿದ್ದಳು. ಅವನು ಸತ್ತ ಮೈಕನ್ನು ಬಾಯಿಯ ಹತ್ತಿರ ತಂದ.

“ಹಲೋ,” ಎಂದ.

ಅದು ಪಕ್ಕದಲ್ಲಿದ್ದ ದಯಾನಂದನಿಗೂ ಸರಿಯಾಗಿ ಕೇಳಿಸಲಿಲ್ಲ. ಹುಚ್ಚಕ್ಕ ಬೀದಿಯ ಕೊನೆಯಲ್ಲಿ ಕೈಯೆತ್ತಿದಳು. ಕಿವಿಯಿಲ್ಲದವರ ದನಿ ದೊಡ್ಡದು. ಅದು ಬೀದಿ ದಾಟಿ ಮಂಡಿಯ ಗೋಡೆಗೆ ತಾಗಿತು.

“ಕೇಳ್ತೈತೆ, ಬುಡು.”

ಎಲ್ಲ ಬಾಯಿಗಳೂ ಒಟ್ಟಿಗೇ ನಿಂತವು. ಸುವರ್ಣಮ್ಮನ ಆ ಮಾತನ್ನು ಕೇಳದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಲಕ್ಷ್ಮಿದೇವಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕರೆಂಟಿಲ್ಲ ಎಂದು ಹೇಳಲು ರಾಜಣ್ಣ ಬಾಯಿ ತೆರೆದ, ಬಾಲರಾಜುವಿನ ಮುಖ ನೋಡಿದ, ಬಾಯಿ ಮುಚ್ಚಿ ತಲೆ ತಗ್ಗಿಸಿದ. ಬಾಲರಾಜು ಆರಿದ ಆಂಪ್ಲಿಫೈಯರಿನ ತಿರುಪನ್ನು ಮೆಲ್ಲಗೆ ತಿರುಗಿಸಿದ.

ಹುಚ್ಚಕ್ಕ ವಾಪಸು ಬಂದಳು. ಬರುತ್ತಾ ಒಂದೊಂದೇ ಮುಖ ನೋಡಿದಳು. ರಾಜಣ್ಣನ ಕೈ ಹಾರ್ಮೋನಿಯಂ ಮೇಲೆ ಸುಮ್ಮನಿತ್ತು. ದೇವದಾನಪ್ಪನವರು ಪುಸ್ತಕವನ್ನು ಎದೆಗೆ ಹಿಡಿದು ಕಣ್ಣು ಮುಚ್ಚಿದ್ದರು. ದಯಾನಂದ್ ತಂತಿಗಳ ಮೇಲೆ ಅಂಗೈ ಇಟ್ಟಿದ್ದ. ಗಂಗಾಧರ ಟೋಪಿ ತೆಗೆದಿದ್ದ. ಅವಳು ಮಗಳ ಫೋಟೋದ ಮುಂದೆ ಕೂತು, ಕೋಲು ಪಕ್ಕಕ್ಕಿಟ್ಟು, ಕೇಳತೊಡಗಿದಳು. ಯಾರೂ ಕೆಮ್ಮಲಿಲ್ಲ. ಹಳಿಯ ಮೇಲೆ ಒಂದು ಗೂಡ್ಸ್ ಗಾಡಿ ಬಂದು, ಉದ್ದಕ್ಕೂ ಹೋಗಿ, ಮುಗಿಯಿತು. ಒತ್ತುಶ್ಯಾವಿಗೆಯ ಮೇಲೆ ಕೂತ ನೊಣವನ್ನೂ ಯಾರೂ ಓಡಿಸಲಿಲ್ಲ.

ಬಹಳ ಹೊತ್ತಾದ ಮೇಲೆ ಅವಳು ಕಣ್ಣೊರೆಸಿಕೊಂಡು ಅಳಿಯನ ಕಡೆ ತಿರುಗಿದಳು.

“ಈ ಹಾಡು ಚೆನ್ನಾಗೈತೆ ಕಣಪ್ಪ. ಇದನ್ನ ಅವತ್ತೇ ಹಾಕ್ಬೋದಿತ್ತಲ್ಲ.”

ಬಾಲರಾಜು ಹೂಂ ಅಂದ. ಬಗ್ಗಿ ವೈರು ಸುತ್ತತೊಡಗಿದ. ಹಾಡು ಹೇಗಿತ್ತೆಂದು ಈ ಸಲ ಅವನನ್ನು ಯಾರೂ ಕೇಳಲಿಲ್ಲ.